ದಾರ ಕಟ್ಟಿದ ಎರಡು ಕಾರ್ಡು

ಕ್ಷಯ ಎಂದು ಡಾಕ್ಟರು ಹೇಳಿದಾಗ ನಾನು ಜೇಬಿನಿಂದ ಬಸ್ ಟಿಕೆಟ್ ತೆಗೆದು ಅದರ ಹಿಂದೆ ಗುಣಾಕಾರ ಮಾಡಿದೆ. ಹದಿನೆಂಟು ತಿಂಗಳು ಔಷಧಿ ಎಂದಿದ್ದರು. ತಿಂಗಳಿಗೆ ಮೂವತ್ತು ದಿನದಂತೆ ಐನೂರ ನಲವತ್ತು ದಿನ. ಉತ್ತರ ಬಂದ ಮೇಲೆ ಏನೋ ಒಂದು ಸಮಾಧಾನವಾಯಿತು.

"ಏನ್ ಬರೀತಿದೀರಿ ಮೇಷ್ಟ್ರೇ?" ಎಂದರು ಡಾಕ್ಟರು.

"ಏನಿಲ್ಲ ಸಾರ್, ಲೆಕ್ಕ" ಎಂದೆ.

ನನ್ನ ಹೆಸರು ತಿಪ್ಪೇಸ್ವಾಮಿ. ಎಪ್ಪತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ಹೊಳಲ್ಕೆರೆಯ ಜೂನಿಯರ್ ಕಾಲೇಜೊಂದರಲ್ಲಿ ಪಿಯುಸಿಯವರಿಗೆ ಗಣಿತ ಹೇಳುತ್ತಿದ್ದೆ. ವಯಸ್ಸು ಇಪ್ಪತ್ತೊಂಬತ್ತು, ಮದುವೆಯಾಗಿ ಮೂರು ವರ್ಷ. ನಮ್ಮವರು ಕುರಿ ಕಾಯ್ದು ಬದುಕಿದವರು. ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲಿಗ. ಆ ಜಂಬ ನನಗೆ ಕೊಂಚ ಜಾಸ್ತಿಯೇ ಇತ್ತು. ಕಾಯಿಲೆಯ ಕಥೆಯಲ್ಲಿ ಜಂಬದ ಮಾತು ಯಾಕೆ ಎಂದು ಕೇಳಬಹುದು. ಮುಂದೆ ನಡೆದದ್ದರಲ್ಲಿ ರೋಗದ ಪಾಲು ಎಷ್ಟೋ ಜಂಬದ ಪಾಲೂ ಅಷ್ಟೇ ಇದೆ.

ಮೂರು ತಿಂಗಳು ಕೆಮ್ಮಿದ್ದೆ. ಸೀಮೆಸುಣ್ಣದ ಧೂಳು ಎಂದು ನಾನೂ ಹೇಳಿಕೊಂಡೆ, ಉಳಿದ ಮೇಷ್ಟ್ರುಗಳೂ ಹೌದೆಂದರು. ಒಂದು ದಿನ ಪಾಠದ ನಡುವೆ ಕೆಮ್ಮು ತಡೆಯದೆ ಬೋರ್ಡಿನ ಕಡೆ ತಿರುಗಿ ಕರವಸ್ತ್ರ ಹಿಡಿದೆ. ಕೆಂಪು ಕಂಡಿತು. ಮುಂದಿನ ಬೆಂಚಿನ ಒಬ್ಬಳು ಹುಡುಗಿಗೂ ಕಂಡಿರಬೇಕು. ಅವಳು ಏನೂ ಕೇಳದೆ ಎದ್ದು ಹೋಗಿ ಒಂದು ಲೋಟ ನೀರು ತಂದು ಮೇಜಿನ ಮೇಲಿಟ್ಟು ಬಂದು ಕೂತಳು. ಊರೆಲ್ಲ ಗುಲ್ಲಾಗಬಹುದಿತ್ತು, ಅವತ್ತು ಆಗಲಿಲ್ಲ. ಆ ಹುಡುಗಿಯನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಚಿತ್ರದುರ್ಗದ ಕ್ಷಯ ಚಿಕಿತ್ಸಾ ಕೇಂದ್ರದ ಮುಂದೆ ಒಂದು ಉದ್ದನೆಯ ಬೆಂಚು. ಎಲ್ಲರ ಕೈಯಲ್ಲೂ ಕಫದ ಪುಟ್ಟ ಸೀಸೆ, ಕೆಲವರದ್ದು ಪೇಪರಿನಲ್ಲಿ ಸುತ್ತಿದ್ದು, ಕೆಲವರದ್ದು ಸೆರಗಿನ ಮರೆಯಲ್ಲಿ. ಎಲ್ಲರೂ ನೆಲ ನೋಡುತ್ತಿದ್ದರು. ನಾನು ಇಸ್ತ್ರಿ ಷರಟು ಹಾಕಿಕೊಂಡು ಕಂಬದ ಹತ್ತಿರ ದೂರ ನಿಂತಿದ್ದೆ. ಹೊಸದುರ್ಗದ ಕಡೆಯ ಒಬ್ಬ ಮುದುಕಪ್ಪ ಪಕ್ಕಕ್ಕೆ ಸರಿದು ಬೆಂಚು ತಟ್ಟಿದ.

"ಬರ್ರಿ, ಕುಂತ್ಕಳ್ರಿ. ಅಂಟತೈತೆ ಅಂತ ಹೆದ್ರಾಕೆ ಇಲ್ಲಿ ಯಾರ್ಗೆ ಏನ್ ಉಳ್ದೈತೆ?"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕು ಕೂತೆ. ಊರಿನಲ್ಲಿ ಆಮೇಲೆ ಎಷ್ಟೋ ಜನ ನನ್ನಿಂದ ಒಂದು ಮೊಳ ದೂರ ಸರಿದು ಕೂತರು. ಆಗೆಲ್ಲ ಆ ಬೆಂಚು ನೆನಪಾಗುತ್ತಿತ್ತು.

ಒಳಗೆ ರೋಗಿಗಳ ಕಾರ್ಡು ಬರೆಯುವವರು ಸಿದ್ದಪ್ಪ ಎಂಬ ಸಣಕಲು ಮನುಷ್ಯ. ಹೆಸರು, ಊರು, ವಯಸ್ಸು ಬರೆದುಕೊಂಡು, ಪೆನ್ನು ಎತ್ತದೆ ಕೇಳಿದರು.

"ಮನೆಯಾಗೆ ಯಾರ್ಯಾರ್ ಇದೀರಿ ಸಾರ್?"

"ನಮ್ಮವ್ವ, ನನ್ನ ಹೆಂಡ್ತಿ."

"ಮುಂದಿನ ಸಲ ಇಬ್ರನ್ನೂ ಕರ್ಕಂಡ್ ಬರ್ರಿ. ಅವರ ಕಫಾನೂ ನೋಡಾಣ."

ಆಗಲಿ ಎಂದೆ.

ಮನೆಯಲ್ಲಿ ಅವ್ವ ಅಳಲಿಲ್ಲ, ಕೂಗಾಡಲಿಲ್ಲ. ನೇರವಾಗಿ ಅಡುಗೆಮನೆಗೆ ಹೋಗಿ ನನ್ನ ತಟ್ಟೆ, ಲೋಟ ಬೇರೆ ತೆಗೆದಿಟ್ಟಳು. ನನ್ನ ಹೆಂಡತಿ ರಂಗಮ್ಮ ಅವ್ವನ ಸ್ವಂತ ತಮ್ಮನ ಮಗಳು, ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯವಳು. ನಾನು ಉಂಡ ತಟ್ಟೆಯಲ್ಲೇ ತಾನು ಉಣ್ಣುವುದು ಮದುವೆಯಾದ ದಿನದಿಂದ ಅವಳ ಪದ್ಧತಿ. ನಾಲ್ಕನೇ ಕ್ಲಾಸು ಓದಿದ್ದಳು. ನನ್ನನ್ನು ಎದುರಿಗೆ "ನೋಡ್ರಿ" ಎಂದೂ ಬೇರೆಯವರ ಮುಂದೆ "ನಮ್ಮ ಮೇಷ್ಟ್ರು" ಎಂದೂ ಕರೆಯುತ್ತಿದ್ದಳು. ಮೇಷ್ಟ್ರು ಎನ್ನುವಾಗ ಅವಳ ದನಿ ಒಂದಿಷ್ಟು ಮೇಲೇರುತ್ತಿತ್ತು.

"ಇವತ್ತಿಂದ ಅವನ ತಟ್ಟೆ ಮುಟ್ಟಬ್ಯಾಡ ಕಣೇ" ಎಂದಳು ಅವ್ವ. ಅಷ್ಟಕ್ಕೆ ಬಿಡದೆ ಯಲ್ಲದಕೆರೆಗೂ ಹೇಳಿ ಕಳಿಸಿದಳು. ಮೂರನೇ ದಿನ ರಂಗಮ್ಮನ ಅಣ್ಣ ಚಿಕ್ಕಣ್ಣ ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಹಿರಿಯೂರು, ದುರ್ಗ ಎರಡು ಕಡೆ ಬಸ್ಸು ಬದಲಿಸಿ ಬಂದಿಳಿದ. ನೀರು ಕುಡಿದು ಜಗುಲಿಯ ಮೇಲೆ ಕೂತು, ನನ್ನ ಮುಖ ನೋಡದೆ ಮಾತು ತೆಗೆದ.

"ತಪ್ಪು ತಿಳ್ಕಾಬ್ಯಾಡ್ರಿ ಭಾವ. ತಂಗೀನ ಒಂದಾರು ತಿಂಗ್ಳು ಊರಿಗೆ ಕರ್ಕಂಡ್ ಹೋಗ್ತೀನಿ. ನಿಮಗೆ ವಾಸಿ ಆಗ್ಲಿ. ನಾನೇ ತಂದು ಬಿಡ್ತೀನಿ."

"ಯಾಕೆ, ನಾನೇನು ಹುಲಿನಾ, ತಿಂದ್ಬಿಡ್ತೀನಾ?"

"ಹಂಗಲ್ಲ ಭಾವ. ನಮ್ ರೊಪ್ಪದಾಗೆ ಒಂದು ಕುರಿ ಕೆಮ್ಮಿದ್ರೆ, ಅದರ ಮಗ್ಗುಲಾಗೆ ಮಲಗಿರೋ ಕುರೀನ ಮೊದ್ಲು ಬ್ಯಾರೆ ಕಟ್ತೀವಿ. ಒಂದು ರೊಪ್ಪದಾಗೆ ಇರೋವಕ್ಕೆ ಬ್ಯಾರೆ ಬ್ಯಾರೆ ಲೆಕ್ಕ ಇರಲ್ಲ."

ರೊಪ್ಪ ಎಂದರೆ ಮುಳ್ಳುಬೇಲಿ ಹಾಕಿದ ಕುರಿದೊಡ್ಡಿ. ನಾನು ಹುಟ್ಟಿ ಬೆಳೆದದ್ದೂ ಅಂಥದೊಂದರ ಪಕ್ಕದಲ್ಲೇ. ಆದರೂ ಲೆಕ್ಕ ಎಂಬ ಮಾತು ಚಿಕ್ಕಣ್ಣನ ಬಾಯಲ್ಲಿ ಬಂದದ್ದು ನನಗೆ ಹಿಡಿಸಲಿಲ್ಲ. "ಮನುಷ್ಯರು ಕುರಿಗಳಲ್ಲ ಚಿಕ್ಕಣ್ಣ. ಇದಕ್ಕೆಲ್ಲ ಶಾಸ್ತ್ರ ಐತೆ" ಎಂದೆ.

ರಂಗಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ನನಗೂ ಬರತೈತೇನ್ರಿ?" ಎಂದು ಕೇಳಿದಳು.

ಮನೆಪಾಠಕ್ಕೆಂದು ಇಟ್ಟಿದ್ದ ಸ್ಲೇಟು ಗೂಟದಲ್ಲಿ ತೂಗುತ್ತಿತ್ತು. ಅದನ್ನು ತೆಗೆದುಕೊಂಡು ಮೂವರ ಮುಂದೆ ಕೂತೆ. ನಮ್ಮ ಕಡೆ ನೂರು ಜನರಲ್ಲಿ ಒಬ್ಬರಿಗೆ ಈ ರೋಗ ಎಂದಿಟ್ಟುಕೊಳ್ಳಿ ಎಂದೆ. ಆ ನೂರು ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಬಾಯಿಗೆ ಬಂದ, ಗುಣಿಸಲು ಸುಲಭವಾದ ಅಂಕಿ ಅದು. ಗಂಡನಿಗೆ ಬರುವ ಸಂಭವ ನೂರರಲ್ಲಿ ಒಂದು. ಹೆಂಡತಿಗೆ ಬರುವ ಸಂಭವ ನೂರರಲ್ಲಿ ಒಂದು. ಇಬ್ಬರಿಗೂ ಬರಬೇಕಾದರೆ ಒಂದನ್ನೊಂದು ಗುಣಿಸಬೇಕು. ಹತ್ತು ಸಾವಿರದಲ್ಲಿ ಒಂದು.

"ಅಂದ್ರೆ ಹತ್ತು ಸಾವಿರ ಮನೆ ಹುಡುಕಿದ್ರೆ, ಒಂದ್ ಮನೆಯಾಗೆ ಗಂಡ ಹೆಂಡ್ತಿ ಇಬ್ರಿಗೂ ಇರತೈತೆ. ಹೊಳಲ್ಕೆರೆಯಾಗೆ ಹತ್ತು ಸಾವಿರ ಮನೆ ಅವೇನು?" ಎಂದು ಕೇಳಿದೆ.

ಚಿಕ್ಕಣ್ಣ ಸ್ಲೇಟನ್ನೇ ನೋಡಿದ. ಅವನಿಗೆ ಓದು ಬರುತ್ತಿರಲಿಲ್ಲ. "ನೀವ್ ಓದಿದೋರು ಭಾವ. ನೀವ್ ಹೇಳಿದ್ ಮ್ಯಾಲೆ ಮುಗೀತು" ಎಂದ.

"ಅಂಕಿ ಅಂಗೇ ಇರ್ಲಿ, ಹುಡುಗೀನ ಕಳ್ಸೋ" ಎಂದಳು ಅವ್ವ. ನನಗೆ ಸಿಟ್ಟು ಬಂತು. ಗಂಡ ಹಾಸಿಗೆ ಹಿಡಿದಾಗ ಹೆಂಡತಿಯನ್ನು ತವರಿಗೆ ಅಟ್ಟುವುದು ಯಾವ ಊರಿನ ನ್ಯಾಯ ಎಂದು ರೇಗಿದೆ. ಚಿಕ್ಕಣ್ಣ ಮಧ್ಯಾಹ್ನದ ಬಸ್ಸಿಗೆ ಒಬ್ಬನೇ ಹೊರಟುಹೋದ.

ರಂಗಮ್ಮ ಸ್ಲೇಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ದೇವರ ಗೂಡಿನಲ್ಲಿಟ್ಟು ಅದಕ್ಕೂ ಒಂದು ಬೊಟ್ಟು ಕುಂಕುಮ ಇಟ್ಟಳು. ಸಂಜೆ ನೋಡಿದರೆ ಟ್ರಂಕು ತೆರೆದು ಸೀರೆ, ಕುಪ್ಪಸಗಳನ್ನು ಒಂದೊಂದಾಗಿ ಒಳಗಿಡುತ್ತಿದ್ದಳು. ಒಗೆದ ಬಟ್ಟೆ ಮಡಿಸಿಡುತ್ತಿದ್ದಾಳೆ ಎಂದುಕೊಂಡೆ. ನನ್ನನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸಿರಲಿಲ್ಲ, ನಾನು ಅವಳ ಪರವಾಗಿ ವಾದ ಮಾಡಿ ಗೆದ್ದೆ ಎಂದು ಬಹಳ ದಿನ ಹೆಮ್ಮೆಪಟ್ಟೆ.

ಮೊದಲ ಎರಡು ತಿಂಗಳು ದಿನಾ ಸೂಜಿ. ತಾಲ್ಲೂಕು ಆಸ್ಪತ್ರೆಯಲ್ಲಿ ಬೆಳಗ್ಗೆ ಚುಚ್ಚಿಸಿಕೊಂಡು ಕುಂಟುತ್ತ ಕಾಲೇಜಿಗೆ ಹೋಗುತ್ತಿದ್ದೆ. ಕೂತು ಪಾಠ ಮಾಡಲು ಆಗದೆ ನಿಂತೇ ಮಾಡುತ್ತಿದ್ದೆ, ಹುಡುಗರು ನನ್ನ ಶಿಸ್ತು ಮೆಚ್ಚಿಕೊಂಡರು. ಮಾತ್ರೆ ನುಂಗಿದರೆ ಹೊಟ್ಟೆ ತೊಳೆಸಿ ಬರುತ್ತಿತ್ತು. ಮಾರ್ಕೆಟ್ ಯಾರ್ಡ್ ಹತ್ತಿರದ ಹೋಟೆಲಿನಲ್ಲಿ ನನಗೆಂದು ಒಂದು ಗಾಜಿನ ಲೋಟ ಬೇರೆ ಬಂತು. ಮಾಲೀಕರು ಅದನ್ನು ಗಿರಾಕಿಗಳ ಎದುರಿಗೆ ತೆಗೆಯದೆ, ನಾನು ಬರುವುದು ಕಂಡ ಕೂಡಲೇ ಒಳಗಿನಿಂದ ತಾವೇ ಚಹಾ ತುಂಬಿ ತಂದುಕೊಡುತ್ತಿದ್ದರು. ಅವಮಾನವೂ ಮರ್ಯಾದೆಯೂ ಒಂದೇ ಲೋಟದಲ್ಲಿ ಬರುತ್ತಿತ್ತು, ನಾನು ಕುಡಿಯುತ್ತಿದ್ದೆ.

ಮನೆಯಲ್ಲಿ ತಟ್ಟೆಯ ವಿಷಯದಲ್ಲಿ ಅವ್ವ ಗೆದ್ದಳು. ನನ್ನ ತಟ್ಟೆ ಲೋಟಕ್ಕೆ ಕೆಂಪು ಬಣ್ಣದ ಗುರುತು ಬಿತ್ತು. ಆದರೆ ನಾನೂ ರಂಗಮ್ಮನೂ ಮಲಗುವ ಕೋಣೆ ಹತ್ತಡಿಯದ್ದು, ಇದ್ದ ಒಂದು ಕಿಟಕಿಯನ್ನು ಎದೆಗೆ ಥಂಡಿ ಎಂದು ನಾನೇ ಮುಚ್ಚಿಸಿದ್ದೆ. ಈ ರೋಗ ತಟ್ಟೆಗಿಂತ ಉಸಿರಿನಲ್ಲಿ ಓಡಾಡುತ್ತದೆ ಎಂಬುದು ಆಮೇಲೆ ತಿಳಿಯಿತು. ತಟ್ಟೆ ಬೇರೆ ಮಾಡಿ ಗಾಳಿ ಒಂದೇ ಇಟ್ಟುಕೊಂಡು ಆ ಚಳಿಗಾಲ ಕಳೆದೆವು.

ಪ್ರತಿ ತಿಂಗಳೂ ದುರ್ಗಕ್ಕೆ ಹೋದಾಗ ಸಿದ್ದಪ್ಪನವರು ಕೇಳುತ್ತಿದ್ದರು. "ಮನೆಯೋರ್ನ ಕರ್ಕಂಡ್ ಬಂದ್ರಾ ಸಾರ್?" ಅವ್ವನಿಗೆ ಮೊಣಕಾಲು ನೋವು, ಹೆಂಡತಿ ಗಟ್ಟಿಮುಟ್ಟಾಗಿದ್ದಾಳೆ ಎಂದು ಜಾರಿಕೊಳ್ಳುತ್ತಿದ್ದೆ. ಐದನೇ ಸಲವೋ ಏನೋ, ಬೇಸರ ಬಂದು ನನ್ನ ಹತ್ತು ಸಾವಿರದ ಲೆಕ್ಕ ಅವರಿಗೂ ಒಪ್ಪಿಸಿದೆ. ಪೂರ್ತಿ ಕೇಳಿದರು. "ಹೌದಾ ಸಾರ್" ಎಂದು ಹೇಳಿ ಕಾರ್ಡಿನಲ್ಲಿ ಕರೆತಂದಿಲ್ಲ ಎಂದು ಬರೆದರು. ಪಾಪ, ಗಣಿತ ಅರ್ಥವಾಗಲಿಲ್ಲ ಎಂದುಕೊಂಡೆ.

ಬೇಸಿಗೆ ಶುರುವಾಗುವ ಹೊತ್ತಿಗೆ ನಾನು ಮೈ ತುಂಬಿಕೊಂಡಿದ್ದೆ. ರಂಗಮ್ಮ ದಿನಾ ಮೊಟ್ಟೆ, ಹಾಲು ಕೊಟ್ಟು ನನ್ನನ್ನು ಎದ್ದು ನಿಲ್ಲಿಸಿದ್ದಳು. ಅಷ್ಟರಲ್ಲಿ ಅವಳಿಗೆ ಕೆಮ್ಮು ಹಿಡಿದಿತ್ತು.

"ಏನೇ ಅದು ಕೆಮ್ಮು?"

"ಒಗ್ಗರಣೆ ಘಾಟು."

"ಇಡೀ ದಿನ ಒಗ್ಗರಣೆ ಹಾಕ್ತಿಯಾ?"

ಅವಳು ದೇವರ ಗೂಡಿನ ಕಡೆ ಕೈ ತೋರಿಸಿ ನಕ್ಕಳು. "ಅಲ್ಲಿ ನೀವೇ ಬರ್ದೀರಲ್ಲ, ನನಗೆ ಬರಲ್ಲ ಅಂತ." ನಾನೂ ನಕ್ಕೆ. ಇಬ್ಬರೂ ನಕ್ಕಿದ್ದು ನನಗೆ ಚೆನ್ನಾಗಿ ನೆನಪಿದೆ.

ಅವಳ ಬಳೆಗಳು ಮೊಣಕೈವರೆಗೆ ಜಾರಲು ಶುರುವಾದವು. ಕುಪ್ಪಸಗಳ ಹೊಲಿಗೆ ಬಿಚ್ಚಿ ಒಳಗೆ ಹಿಡಿದು ಹೊಲಿದುಕೊಂಡಳು. ಗಂಡನ ಚಿಂತೆಯಲ್ಲಿ ಸೊರಗಿದ್ದಾಳೆ ಎಂದು ಅಕ್ಕಪಕ್ಕದವರು ಹೊಗಳಿದರು. "ಲೇ ತಿಪ್ಪೇಶಿ, ಹುಡುಗಿ ಇಳ್ದೋಗ್ತಾ ಐತೆ, ಕಣ್ಣು ಬಿಟ್ಟು ನೋಡೋ" ಎಂದು ಅವ್ವ ಎರಡು ಸಲ ಹೇಳಿದಳು. ಎರಡು ಸಲವೂ ನಿನಗೆ ಸುಮ್ಮನೆ ಅನುಮಾನ ಎಂದೆ.

ಹನ್ನೊಂದನೇ ತಿಂಗಳು ನನ್ನ ಕಫದಲ್ಲಿ ರೋಗಾಣು ಇಲ್ಲವೆಂದು ಮತ್ತೊಮ್ಮೆ ಗೊತ್ತಾಯಿತು. ಖುಷಿಯಲ್ಲಿ ಸಿದ್ದಪ್ಪನವರ ಮೇಜಿನ ಮುಂದೆ ನಿಂತೆ. ಅವರು ಕಾರ್ಡಿನ ಮರದ ಪೆಟ್ಟಿಗೆ ತೆರೆದು ನನ್ನದನ್ನು ಹುಡುಕುತ್ತಿದ್ದರು. ಕೆಲವು ಕಾರ್ಡುಗಳು ಎರಡೆರಡಾಗಿ, ಪೊಟ್ಟಣ ಕಟ್ಟುವ ಬಿಳಿ ದಾರದಲ್ಲಿ ಕಟ್ಟಿದ್ದವು.

"ಏನ್ರಿ ಇದು ದಾರ?"

"ಗಂಡ ಹೆಂಡ್ತೀವು ಸಾರ್. ಒಂದು ಹುಡುಕಿದ್ರೆ ಇನ್ನೊಂದೂ ಸಿಗ್ಲಿ ಅಂತ ಕಟ್ಟಿರ್ತೀನಿ. ನಿಮ್ದು ಒಂಟಿ ಕಾರ್ಡು ನೋಡ್ರಿ, ಅದುಕ್ಕೇ ತಡ ಆಗ್ತೈತೆ."

ನನ್ನ ಕೈ ತಾನಾಗಿ ಪೆಟ್ಟಿಗೆಯ ಮೇಲೆ ಹೋಯಿತು. "ಎಣಿಸ್ಲಾ?" ಎಂದೆ. "ಎಣಿಸ್ರಿ" ಎಂದು ಅವರು ಪೆಟ್ಟಿಗೆಯನ್ನು ನನ್ನ ಕಡೆ ತಿರುಗಿಸಿ ತಮ್ಮ ಕೆಲಸ ನೋಡಿಕೊಂಡರು.

ಪೆಟ್ಟಿಗೆಯಲ್ಲಿ ಸುಮಾರು ನೂರು ಮನೆಯ ಕಾರ್ಡು. ಹೊಸದುರ್ಗದ ಒಂದು ಜೋಡಿ, ಹಿರಿಯೂರಿನದು ಎರಡು, ಐಮಂಗಲದ್ದೊಂದು, ನಮ್ಮ ಹೊಳಲ್ಕೆರೆಯದೇ ಮೂರು. ಅರ್ಧ ಪೆಟ್ಟಿಗೆ ಮುಗಿಯುವಷ್ಟರಲ್ಲಿ ಹನ್ನೊಂದು ದಾರ ಸಿಕ್ಕವು. ಆಮೇಲೆ ಎಣಿಸಲಿಲ್ಲ.

ನನ್ನ ನೂರಕ್ಕೊಂದು ನಿಜವೇ ಆಗಿದ್ದರೂ, ಒಬ್ಬರಿಗೆ ಆಗಲೇ ರೋಗ ಬಂದ ನೂರು ಮನೆಗಳ ಆ ಇಡೀ ಪೆಟ್ಟಿಗೆಯಲ್ಲಿ ಒಂದು ದಾರ ಇರಬೇಕಿತ್ತು. ಅರ್ಧಕ್ಕೇ ಹನ್ನೊಂದು ಪಟ್ಟು ಕಣ್ಣ ಮುಂದಿತ್ತು. ಮೊದಲು ಹೊಳೆದ ತಪ್ಪು ಎಷ್ಟು ದಡ್ಡತನದ್ದೆಂದರೆ ನನ್ನ ವಿದ್ಯಾರ್ಥಿ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ನನಗೆ ರೋಗ ಬಂದಾಗಿತ್ತು. ಬಂದಾಗಿದ್ದನ್ನು ಇನ್ನೂ ಬರಬಹುದಾದದ್ದೆಂದು ಲೆಕ್ಕಕ್ಕೆ ಹಿಡಿದು ಗುಣಿಸಿದ್ದೆ. ಎರಡನೆಯದು ಅದಕ್ಕಿಂತ ಕೆಟ್ಟದ್ದು. ಹೀಗೆ ಗುಣಿಸುವುದು ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳಿಗೆ ಮಾತ್ರ ಎಂದು ಪ್ರತಿ ವರ್ಷ ನಾನೇ ನೋಟ್ಸ್ ಬರೆಸುತ್ತಿದ್ದೆ, ಅಡಿಗೆರೆ ಎಳೆಯಿರಿ ಎಂದೂ ಹೇಳುತ್ತಿದ್ದೆ. ಒಂದೇ ಕೋಣೆಯಲ್ಲಿ ಕಿಟಕಿ ಮುಚ್ಚಿ ಮಲಗುವ ಗಂಡ ಹೆಂಡತಿಯನ್ನು ಸಂಬಂಧವಿಲ್ಲದವರೆಂದು ಹಿಡಿದಿದ್ದೆ. ಒಂದು ರೊಪ್ಪದ ಕುರಿಗಳಿಗೆ ಬೇರೆ ಬೇರೆ ಲೆಕ್ಕವಿಲ್ಲ ಎಂಬ ಇದೇ ಮಾತನ್ನು ಅಕ್ಷರ ಬಾರದ ಚಿಕ್ಕಣ್ಣ ನನ್ನ ಜಗುಲಿಯ ಮೇಲೆ ಕೂತು ಹೇಳಿದ್ದ.

ಅವತ್ತು ಬಸ್ಸಿನಲ್ಲಿ ಬಳೆಗಳದ್ದೇ ಯೋಚನೆ. ಹೊಳಲ್ಕೆರೆಯಲ್ಲಿ ಇಳಿದು ಮನೆಗೆ ಓಡಿದೆ. ರಂಗಮ್ಮ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದವಳು ಅರ್ಧಕ್ಕೆ ಬಿಟ್ಟು ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. "ನಾಳೆ ದುರ್ಗಕ್ಕೆ ಹೋಗಾಣ" ಎಂದೆ. "ಯಾಕ್ರಿ?" ಎಂದಳು. ಸುಮ್ಮನೆ ಎಂದೆ.

ಮರುದಿನ ಅದೇ ಬೆಂಚಿನ ಮೇಲೆ ಅವಳು ಸೀಸೆ ಹಿಡಿದು ಕೂತಳು, ಪಕ್ಕದಲ್ಲಿ ನಾನು. ಡಾಕ್ಟರು ಎಕ್ಸ್-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎರಡೂ ಕಡೆ ಬಿಳಿ ಮಚ್ಚೆಗಳು. ನನ್ನದರಲ್ಲಿ ಒಂದೇ ಕಡೆ ಇತ್ತು. ಇದು ನನ್ನ ಚಿತ್ರವಾಗಿರಬಾರದಿತ್ತೇ ಎಂದು ಅನ್ನಿಸಿತು. ಹಾಗೆ ಅನ್ನಿಸಿದ್ದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

"ಏನಮ್ಮ, ಇಷ್ಟು ದಿನ ಯಾಕೆ ಬರ್ಲಿಲ್ಲ?" ಎಂದು ಕೇಳಿದರು ಡಾಕ್ಟರು.

"ನನಗೆ ಬರಲ್ಲ ಅಂತ ನಮ್ಮ ಮೇಷ್ಟ್ರು ಲೆಕ್ಕ ಹಾಕಿದ್ರು ಸಾರ್. ಹತ್ತು ಸಾವಿರಕ್ಕೆ ಒಂದು."

ದೂರು ಹೇಳುವ ದನಿ ಅದಲ್ಲ. ನಮ್ಮ ಮೇಷ್ಟ್ರು ಎನ್ನುವಾಗ ಅವಳ ದನಿ ಎಂದಿನಂತೆ ಒಂದಿಷ್ಟು ಮೇಲೇರಿತು. ಡಾಕ್ಟರು ನನ್ನ ಕಡೆ ನೋಡಿದರು. ನಾನು ಬಸ್ ಟಿಕೆಟ್ ಕೈಯಲ್ಲಿ ಹಿಡಿದು ನಿಂತಿದ್ದೆ.

ಸಿದ್ದಪ್ಪನವರು ಹೊಸ ಕಾರ್ಡು ಬರೆದರು. ಡ್ರಾಯರಿನಿಂದ ದಾರ ತೆಗೆದು ನನ್ನ ಕಾರ್ಡನ್ನೂ ಅವಳದನ್ನೂ ಸೇರಿಸಿ ಕಟ್ಟಿದರು.

"ಇದ್ಯಾಕಣ್ಣ ಗಂಟು?" ಎಂದಳು ರಂಗಮ್ಮ.

"ಕಳ್ದೋಗಬಾರ್ದು ಅಂತ ಕಣಮ್ಮ."

"ಚೆನ್ನಾಗೈತೆ" ಎಂದು ನಕ್ಕಳು. ಸಿದ್ದಪ್ಪನವರು ನನ್ನ ಲೆಕ್ಕದ ಮಾತೆತ್ತಲಿಲ್ಲ. ಬಯ್ದಿದ್ದರೆ ಹಗುರವಾಗುತ್ತಿತ್ತು. ಅವ್ವನನ್ನೂ ಪರೀಕ್ಷೆ ಮಾಡಿಸಿದೆ, ಅವಳಿಗೇನೂ ಇರಲಿಲ್ಲ.

ಎರಡೂ ಶ್ವಾಸಕೋಶಕ್ಕೆ ಹಬ್ಬಿತ್ತಾದ್ದರಿಂದ ಅವಳಿಗೆ ನನಗಿಂತ ಹೆಚ್ಚು ದಿನ ಸೂಜಿ ಬೇಕಾಯಿತು. ಮೂರನೇ ತಿಂಗಳಲ್ಲಿ ಗೋಡೆ ಹಿಡಿದು ನಡೆಯಲು ಶುರು ಮಾಡಿದಳು. ತಲೆ ಸುತ್ತು ಎಂದಳು. ಕಿವಿಯಲ್ಲಿ ಜೀರುಂಡೆ ಕೂಗಿದಂತಾಗುತ್ತದೆ ಎಂದಳು. ಅದನ್ನು ಅವಳು ಹೇಳಿದ್ದೂ ತಡವಾಗಿ, ಸೂಜಿ ನಿಲ್ಲಿಸಿಬಿಟ್ಟಾರು ಎಂಬ ಹೆದರಿಕೆಯಲ್ಲಿ. ಡಾಕ್ಟರಿಗೆ ತಿಳಿದ ದಿನವೇ ಸೂಜಿ ನಿಲ್ಲಿಸಿ ಬೇರೆ ಮಾತ್ರೆ ಕೊಟ್ಟರು. ಎದೆ ನಿಧಾನವಾಗಿ ವಾಸಿಯಾಗುತ್ತ ಬಂತು. ಮೊದಲೇ ಹಿಡಿದಿದ್ದರೆ ಇಷ್ಟು ಸೂಜಿ ಬೇಕಾಗುತ್ತಿರಲಿಲ್ಲ ಎಂದು ಡಾಕ್ಟರು ಮೆತ್ತಗೆ ಹೇಳಿದರು.

ಕೂಗಿದರೆ ಓಗೊಡದಿದ್ದಾಗ ಅವಳಿಗೆ ಸುಸ್ತು ಎಂದುಕೊಳ್ಳುತ್ತಿದ್ದೆವು. ಚೇತರಿಸಿಕೊಳ್ಳಲಿ ಎಂದು ಯಲ್ಲದಕೆರೆಗೆ ಕರೆದುಕೊಂಡು ಹೋದೆ, ಒಂದೂವರೆ ವರ್ಷ ತಡವಾಗಿ. ಸಂಜೆ ಚಿಕ್ಕಣ್ಣ ಮಂದೆ ತಿರುಗಿಸಿಕೊಂಡು ಬಂದ. ನೂರಾರು ಕುರಿ, ಮುಂದಿನವುಗಳ ಕೊರಳಲ್ಲಿ ಗಂಟೆ. ರಂಗಮ್ಮ ಬೇಲಿಯ ಹತ್ತಿರ ನಿಂತು ನೋಡುತ್ತಿದ್ದಳು.

"ಯಾಕಣ್ಣ, ಈ ಸಲ ಗಂಟೆ ಕಟ್ಟಿಲ್ವಾ?" ಎಂದು ಕೇಳಿದಳು.

ಗಂಟೆಗಳು ಗಣಗಣ ಎನ್ನುತ್ತಲೇ ಇದ್ದವು. ನನಗೆ ಮಾತಾಡಬೇಕಾದರೆ ದನಿ ಎತ್ತಬೇಕಾಗುವಷ್ಟು ಸದ್ದು. ಚಿಕ್ಕಣ್ಣ ತಂಗಿಯನ್ನು ನೋಡಿ, ಆಮೇಲೆ ನನ್ನನ್ನು ನೋಡಿದ. "ಇಲ್ಲ ಕಣವ್ವ, ಈ ಸಲ ಕಟ್ಟಿಲ್ಲ" ಎಂದ. ಅದೂ ಅವಳಿಗೆ ಕೇಳಿಸಲಿಲ್ಲ. ಸೂಜಿಯ ಔಷಧಿ ಅವಳ ಕಿವಿ ಕೆಡಿಸಿತ್ತು. ಅವನು ಎದುರಿನ ಕುರಿಯ ಕೊರಳಿಗೆ ಕೈ ಹಾಕಿ ಗಂಟೆ ಬಿಚ್ಚಿ ಕಂಬಳಿಯೊಳಗೆ ಇಟ್ಟುಕೊಂಡ. ನಾನು ರೊಪ್ಪದ ಹಿಂದೆ ಹೋಗಿ ಮನಸಾರೆ ಅತ್ತೆ.

ಹೊಳಲ್ಕೆರೆಗೆ ಹಿಂದಿರುಗಿದ ಮೇಲೆ ಅವಳೇ ದೇವರ ಗೂಡಿನಿಂದ ಸ್ಲೇಟು ತೆಗೆದಳು. ನನ್ನ ಅಂಕಿಗಳು ಇನ್ನೂ ಅದರ ಮೇಲಿದ್ದವು. ಸೆರಗಿನಿಂದ ಅಂಕಿಯನ್ನೂ ಕುಂಕುಮವನ್ನೂ ಒಟ್ಟಿಗೆ ಒರೆಸಿ ನನ್ನ ಕೈಗೆ ಕೊಟ್ಟಳು. "ಇನ್ಮೇಲೆ ಏನಿದ್ರೂ ಇದ್ರಾಗೆ ಬರೀರಿ" ಎಂದಳು. ತನ್ನ ದನಿ ತನಗೇ ಕೇಳದೆ ಅವಳು ಆಗಲೇ ಜೋರಾಗಿ ಮಾತಾಡುತ್ತಿದ್ದಳು.

ನಾನು ಬರೆದೆ: ತಪ್ಪು ನನ್ನದು.

ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. "ಅದಿರ್ಲಿ. ಸಾರಿಗೆ ಉಪ್ಪು ಸಾಕಾ, ಅದ್ನ ಬರೀರಿ" ಎಂದಳು.

ಸಾಕು ಎಂದು ಬರೆದೆ. ನಿಜಕ್ಕೂ ಕಡಿಮೆಯಿತ್ತು.

ಆಮೇಲೆ ನನಗೆ ಹೊಸದುರ್ಗಕ್ಕೆ ವರ್ಗವಾಯಿತು, ಅಲ್ಲೇ ನಿವೃತ್ತನಾದೆ. ಸಂಭವನೀಯತೆಯ ಪಾಠ ಬಂದಾಗಲೆಲ್ಲ ಅಡಿಗೆರೆ ಎಳೆಯಬೇಕಾದ ಆ ವಾಕ್ಯದ ಹತ್ತಿರ ನಿಂತು ನೀರು ಕುಡಿಯುತ್ತಿದ್ದೆ. ಮೇಷ್ಟ್ರಿಗೆ ಗಂಟಲು ಒಣಗಿದೆ ಎಂದು ಹುಡುಗರು ತಿಳಿದಿದ್ದರು. ಇಷ್ಟು ವರ್ಷದ ಮೇಲೆ ಇದನ್ನು ಬರೆಯುತ್ತಿರುವುದು, ಎಲ್ಲೋ ಒಂದು ಬೆಂಚಿನ ಮೇಲೆ ಸೀಸೆ ಹಿಡಿದು ನೆಲ ನೋಡುತ್ತ ಕೂತಿರುವವರಿಗಾಗಿ. ನಿಮ್ಮ ಪಕ್ಕದವರೂ ಹೆದರಿದ್ದಾರೆ, ಅವರ ಜೊತೆ ಮಾತಾಡಿ. ಕೋಣೆಯ ಕಿಟಕಿ ತೆಗೆದಿಡಿ. ಮನೆಯವರನ್ನು ಕರೆತನ್ನಿ ಎಂದರೆ ಆ ವಾರವೇ ಕರೆದುಕೊಂಡು ಹೋಗಿ.

ಇನ್ನೊಂದು ಮಾತು ಸ್ಲೇಟಿನಲ್ಲಿ ಬರೆಯಲು ನನಗೆ ಯಾವತ್ತೂ ಧೈರ್ಯ ಬರಲಿಲ್ಲ. ಅವತ್ತು ಬಳಪ ಹಿಡಿಯುವ ಮೊದಲೇ ಉತ್ತರ ನನ್ನ ಹತ್ತಿರ ಇತ್ತು. ಆ ಕೋಣೆಯಲ್ಲಿ ಒಬ್ಬನೇ ಕೆಮ್ಮುತ್ತ ಮಲಗಲು ನನಗೆ ಭಯವಾಗಿತ್ತು. ಅವಳು ಹೋಗಬಾರದಿತ್ತು. ಅದಕ್ಕೆ ಬೇಕಾದ ಲೆಕ್ಕ ಮಾಡಿದೆ. ಅವಳಿಗೂ ಹೋಗುವ ಮನಸ್ಸಿರಲಿಲ್ಲ ಎಂಬುದೊಂದೇ ನನಗಿರುವ ಸಮಾಧಾನ.

ಕಿವಿ ಹೋದ ಮೇಲೆ ರಂಗಮ್ಮ ಕಂಡದ್ದನ್ನೆಲ್ಲ ಓದುತ್ತಾಳೆ. ಹಾಗಾಗಿ ಇಲ್ಲಿಯವರೆಗೆ ಬರೆದದ್ದನ್ನು ಮೊದಲು ಅವಳಿಗೇ ಕೊಟ್ಟೆ. ಬೆಳಗಿನ ಬಿಸಿಲಿಗೆ ಕೂತು, ಈಗಲೂ ಬೆರಳಿಟ್ಟುಕೊಂಡೇ ಓದಿದಳು. ಕೊನೆಯ ಸಾಲು ಮುಟ್ಟಿದ ಮೇಲೆ ಹಾಳೆಗಳನ್ನು ಹಿಂದಕ್ಕೆ ತಿರುವಿ, ಚಿಕ್ಕಣ್ಣ ಬಂದ ದಿನದ ಮೇಲೆ ಬೆರಳಿಟ್ಟಳು.

"ಇದೊಂದು ತಪ್ಪು ಬರ್ದೀರಿ" ಎಂದಳು ಜೋರಾಗಿ. "ನನಗೆ ಹೋಗೋ ಮನಸ್ಸಿತ್ತು. ಭಯ ಆಗಿತ್ತು ಕಣ್ರಿ ನನಗೆ. ಬಟ್ಟೆ ಗಂಟು ಕಟ್ಟಿ ಕದದ ಹಿಂದೆ ಇಟ್ಟಿದ್ದೆ, ಅಣ್ಣ ಎದ್ದ ತಕ್ಷಣ ಹೊರಡಾಣ ಅಂತ. ಅಷ್ಟ್ರಾಗೆ ನೀವು ಹತ್ತು ಸಾವಿರ ಅಂದ್ರಿ. ಸಂಜೆ ಬಿಚ್ಚಿಟ್ಟೆ. ನೀವು ನೋಡಿದ್ರಲ್ಲ."

ಹಾಳೆಗಳನ್ನು ನನ್ನ ಮಡಿಲಲ್ಲಿಟ್ಟು, ಸ್ಲೇಟನ್ನೂ ಬಳಪವನ್ನೂ ನನ್ನ ಕಡೆ ಸರಿಸಿದಳು. ನಾನು ಬಳಪ ಹಿಡಿದು ಕೂತೆ. ಅವಳು ಕಾದಳು. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಒಲೆಯ ಮೇಲಿನ ಅನ್ನ ನೋಡಲು ಒಳಗೆ ಹೋದಳು.